ಅಚ್ಚುಮೊಳೆ: ಪದ ಬಿಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಬರುವ ಮೊದಲು ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆ, ರಸೀದಿ ಪುಸ್ತಕ ಎಲ್ಲವೂ ಹೆಚ್ಚಾಗಿ ಸೀಸದ ಮೊಳೆಗಳಿಂದ ಅಚ್ಚಾಗುತ್ತಿದ್ದವು. ಆ ಮೊಳೆಗೆ ಕನ್ನಡದಲ್ಲಿ ಅಚ್ಚುಮೊಳೆ ಎಂದು ಹೆಸರು. ಇವತ್ತು ಮೊಳೆಗಳು ಹೆಚ್ಚುಕಡಿಮೆ ಮರೆಯಾಗಿವೆ, ಪದ ಮಾತ್ರ ಉಳಿದಿದೆ. ಅದನ್ನು ಬಿಡಿಸುವಾಗ ಹಲವರು ತಡವರಿಸುತ್ತಾರೆ. ಸಿಲಬಲ್ ಎಷ್ಟು, ಮಾತ್ರೆ ಎಷ್ಟು, ಸಮಾಸ ಯಾವುದು, ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬೇಕು ಎಂಬ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರವಿದೆ.

ಅಚ್ಚುಮೊಳೆ ಅಂದರೆ ನಿಖರವಾಗಿ ಏನು?

ಒಂದು ಅಕ್ಷರವನ್ನೋ ಅಕ್ಷರದ ಭಾಗವನ್ನೋ ತಲೆಯ ಮೇಲೆ ಉಬ್ಬಾಗಿ ಹೊತ್ತ ಸಣ್ಣ ಲೋಹದ ತುಂಡು. ಸೀಸದ ಜೊತೆ ತವರ ಮತ್ತು ಆಂಟಿಮನಿ ಬೆರೆಸಿ ಎರಕ ಹೊಯ್ದು ಇದನ್ನು ಮಾಡುತ್ತಿದ್ದರು. ಸೀಸ ಒಂದೇ ಇದ್ದರೆ ಮೆತ್ತಗಾಗಿ ಬೇಗ ಸವೆಯುತ್ತದೆ. ಆಂಟಿಮನಿ ಸೇರಿದರೆ ಗಟ್ಟಿ ಬರುತ್ತದೆ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಇರುತ್ತದೆ, ಹಾಗಾಗಿ ಕಾಗದದ ಮೇಲೆ ನೇರವಾಗಿ ಮೂಡುತ್ತದೆ. ಮುದ್ರಣಾಲಯದಲ್ಲಿ ಇದನ್ನು ಸುಮ್ನೆ ಮೊಳೆ ಎನ್ನುತ್ತಿದ್ದರು, ಟೈಪು ಅಂತಲೂ ಹೇಳುತ್ತಿದ್ದರು. ಅವನ್ನು ಸಾಲಾಗಿ ಕೂರಿಸುವ ಕೆಲಸ ಮೊಳೆ ಜೋಡಣೆ.

ಈ ಪದದಲ್ಲಿ ಎಷ್ಟು ಸಿಲಬಲ್ ಇವೆ?

ನಾಲ್ಕು: ಅಚ್ – ಚು – ಮೊ – ಳೆ.

ಸಿಲಬಲ್ ಅಂದರೆ ಒಂದು ಸ್ವರವನ್ನು ನಡುವೆ ಇಟ್ಟುಕೊಂಡು ಒಂದೇ ಬೀಸಿನಲ್ಲಿ ಹೊರಡುವ ಉಚ್ಚಾರದ ತುಂಡು. ಪದದಲ್ಲಿ ಎಷ್ಟು ಸ್ವರವೋ ಅಷ್ಟು ಸಿಲಬಲ್. ಅಚ್ಚುಮೊಳೆಯಲ್ಲಿ ಅ, ಉ, ಒ, ಎ ಎಂಬ ನಾಲ್ಕು ಸ್ವರಗಳಿವೆ. ನಾಲ್ಕೂ ಹ್ರಸ್ವ.

ಶಾಲೆಯಲ್ಲಿ ಅ – ಚ್ಚು – ಮೊ – ಳೆ ಅಂತ ಬಿಡಿಸಲು ಕಲಿಸಿದ್ದರು. ಅದು ತಪ್ಪಾ?

ತಪ್ಪಲ್ಲ. ಅದು ಬರಹದ ಅಕ್ಷರಗಳ ವಿಂಗಡಣೆ. ಮೇಲೆ ಹೇಳಿದ್ದು ಕಿವಿಗೆ ಕೇಳುವ ತುಂಡುಗಳ ವಿಂಗಡಣೆ. ಎರಡರಲ್ಲೂ ಎಣಿಕೆ ನಾಲ್ಕೇ ಬರುತ್ತದೆ. ಗೆರೆ ಎಳೆಯುವ ಜಾಗ ಮಾತ್ರ ಬೇರೆ.

ಕನ್ನಡ ಬರಹ ವ್ಯಂಜನವನ್ನು ಯಾವಾಗಲೂ ಮುಂದಿನ ಸ್ವರಕ್ಕೆ ಅಂಟಿಸುತ್ತದೆ. ಹಾಗಾಗಿ ಎರಡೂ ಚಕಾರಗಳು ಉಕಾರದ ಜೊತೆ ಸೇರಿ ಚ್ಚು ಎಂಬ ಒಂದೇ ಅಕ್ಷರವಾಗುತ್ತವೆ. ಬಾಯಿ ಹಾಗೆ ಮಾಡುವುದಿಲ್ಲ. ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಅ ಮುಗಿಯುತ್ತಿದ್ದಂತೆ ನಾಲಿಗೆ ಮೇಲೆದ್ದು ಅಂಗುಳಕ್ಕೆ ತಾಗುತ್ತದೆ. ತಾಗಿ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಸದ್ದೇ ಇಲ್ಲ. ಆಮೇಲೆ ನಾಲಿಗೆ ಬಿಟ್ಟುಕೊಂಡಾಗ ಚು ಹೊರಗೆ ಬರುತ್ತದೆ. ನಾಲಿಗೆ ತಾಗಿ ನಿಂತದ್ದು ಮೊದಲ ಸಿಲಬಲ್‌ನ ಕೊನೆ, ಬಿಟ್ಟದ್ದು ಎರಡನೆಯದರ ಆರಂಭ. ಗಡಿ ಇರುವುದು ಒತ್ತಕ್ಷರದ ಹೊಟ್ಟೆಯೊಳಗೆ.

ಹೀಗಾಗಿ ಯಾರಾದರೂ "ಬಿಡಿಸಿ" ಎಂದಾಗ ಅಕ್ಷರ ಬಿಡಿಸಬೇಕಾ, ಸಿಲಬಲ್ ಬಿಡಿಸಬೇಕಾ, ಪದದ ಭಾಗ ಬಿಡಿಸಬೇಕಾ ಎಂದು ಮೊದಲು ಕೇಳಿಕೊಳ್ಳಿ. ಈ ಪದದ ಬಗ್ಗೆ ನಡೆಯುವ ಬಹುಪಾಲು ವಾದಗಳು ಈ ಮೂರನ್ನು ಕಲಸಿಕೊಂಡದ್ದರಿಂದಲೇ ಹುಟ್ಟುತ್ತವೆ.

ವರ್ಣಗಳಾಗಿ ಬಿಡಿಸಿದರೆ?

ಅ + ಚ್ + ಚ್ + ಉ + ಮ್ + ಒ + ಳ್ + ಎ. ಒಟ್ಟು ಎಂಟು ವರ್ಣ, ನಾಲ್ಕು ಸ್ವರ, ನಾಲ್ಕು ವ್ಯಂಜನ. ಚ್ಚ ಸಜಾತೀಯ ಒತ್ತಕ್ಷರ, ಅಂದರೆ ಅದೇ ವ್ಯಂಜನಕ್ಕೆ ಅದೇ ವ್ಯಂಜನದ ಒತ್ತು.

ಪದದ ಭಾಗಗಳು ಯಾವುವು?

ಎರಡು: ಅಚ್ಚು, ಮೊಳೆ. ಎರಡೂ ತಮ್ಮಷ್ಟಕ್ಕೆ ನಿಲ್ಲಬಲ್ಲ ನಾಮಪದಗಳು. ಇವುಗಳನ್ನು ಅರ್ಥ ಕೆಡದಂತೆ ಇನ್ನೂ ಒಡೆಯಲು ಬರುವುದಿಲ್ಲ.

ಅಚ್ಚು ಮುದ್ರಣಕ್ಕಿಂತ ಹಳೆಯ ಪದ. ಒಂದು ಆಕಾರವನ್ನು ಮತ್ತೆ ಮತ್ತೆ ಮೂಡಿಸುವ ಸಾಧನ ಎಂಬುದು ಅದರ ಅರ್ಥ. ಬೆಲ್ಲದ ಅಚ್ಚು ಅನ್ನುವಾಗ ಇರುವುದು ಅದೇ. ತಮಿಳು, ತೆಲುಗು, ಮಲಯಾಳಗಳಲ್ಲೂ ಈ ಪದ ಹೆಚ್ಚುಕಡಿಮೆ ಇದೇ ರೂಪದಲ್ಲಿದೆ, ಅಲ್ಲೂ ಮುದ್ರಣಕ್ಕೆ ಬಳಕೆಯಾಗಿದೆ. ಮುದ್ರಣ ಬಂದಾಗ ಕನ್ನಡ ಹೊಸ ಪದ ಹುಡುಕಿಕೊಂಡು ಹೋಗಲಿಲ್ಲ. ಇದ್ದ ಪದಕ್ಕೇ ಹೊಸ ಕೆಲಸ ಕೊಟ್ಟಿತು. ನನಗೆ ಇದು ತುಂಬ ಇಷ್ಟವಾಗುವ ಸಂಗತಿ.

ಮೊಳೆ ಎಂದರೆ ಗೋಡೆಗೆ ಹೊಡೆಯುವ ಮೊಳೆ. ಸಣ್ಣದು, ಉದ್ದುದ್ದ ಇರುವುದು, ಲೋಹದ್ದು, ತಲೆ ಇರುವುದು. ಮುದ್ರಣದ ಟೈಪಿಗೂ ಈ ಎಲ್ಲ ಗುಣಗಳಿವೆ. ನೋಡಿದವರು ಆ ಹೆಸರಿಟ್ಟದ್ದು ಸಹಜವೇ.

ಇದು ಯಾವ ಸಮಾಸ?

ತತ್ಪುರುಷ. ಅಚ್ಚಿನ + ಮೊಳೆ = ಅಚ್ಚುಮೊಳೆ ಎಂದು ಷಷ್ಠಿಯಲ್ಲಿ ಬಿಡಿಸುವುದು ವಾಡಿಕೆ. "ಅಚ್ಚಿಗಾಗಿ ಇರುವ ಮೊಳೆ" ಎಂದು ಚತುರ್ಥಿಯಲ್ಲಿ ಬಿಡಿಸಿದರೂ ಅರ್ಥ ಕೂಡುತ್ತದೆ. ಯಾವುದೇ ವಿಭಕ್ತಿ ಹಿಡಿದರೂ ಉತ್ತರಪದವಾದ ಮೊಳೆಗೇ ಪ್ರಾಧಾನ್ಯ. ಅದು ಒಂದು ಬಗೆಯ ಮೊಳೆ, ಒಂದು ಬಗೆಯ ಅಚ್ಚು ಅಲ್ಲ.

ಕೆಲವರು ಅರಿಸಮಾಸ ಎಂದು ಬರೆಯುತ್ತಾರೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿದಾಗ ಅರಿಸಮಾಸವಾಗುತ್ತದೆ. ಇಲ್ಲಿ ಎರಡೂ ಕನ್ನಡ ಪದಗಳೇ, ಹಾಗಾಗಿ ಆ ಮಾತು ಬರುವುದಿಲ್ಲ.

"ಅಚ್ಚಿನ" ಅಂತ ಯಾಕೆ? "ಅಚ್ಚುವಿನ" ಅಂತ ಯಾಕಲ್ಲ?

ಒಳ್ಳೆಯ ಪ್ರಶ್ನೆ, ಪದದ ರಚನೆಯ ಗುಟ್ಟು ಇರುವುದೇ ಇಲ್ಲಿ.

ಕನ್ನಡದಲ್ಲಿ ಉಕಾರದಿಂದ ಮುಗಿಯುವ ಪದಗಳು ಎರಡು ಬಗೆ. ಹಸು, ಮಗು, ಗುರು ಇವುಗಳ ಉಕಾರ ಗಟ್ಟಿ. ಪ್ರತ್ಯಯ ಬಂದರೂ ಜಾಗ ಬಿಡುವುದಿಲ್ಲ: ಹಸುವಿನ, ಮಗುವಿನ, ಗುರುವಿನ. ಕಾಡು, ನಾಡು, ಕಲ್ಲು, ಅಚ್ಚು ಇವುಗಳ ಉಕಾರ ಹಾಗಲ್ಲ. ಸ್ವರದಿಂದ ಶುರುವಾಗುವ ಏನೇ ಬಂದರೂ ಅದು ಬಿದ್ದುಹೋಗುತ್ತದೆ: ಕಾಡಿನ, ನಾಡಿನ, ಕಲ್ಲಿನ, ಅಚ್ಚಿನ. ಈ ಉಕಾರಕ್ಕೆ ಅರ್ಥದ ಭಾರವಿಲ್ಲ. ಪದದ ಕೊನೆಯ ವ್ಯಂಜನವನ್ನು ಉಚ್ಚರಿಸಲು ಅನುಕೂಲವಾಗಲಿ ಎಂದು ನಿಂತಿರುವ ಸ್ವರ ಅದು.

ಆದರೆ ಮೊಳೆ ಶುರುವಾಗುವುದು ಮಕಾರದಿಂದ. ಈಗ ಉಕಾರ ಬಿದ್ದರೆ ಚ್ಚ್‌ಮೊ ಎಂದು ಮೂರು ವ್ಯಂಜನ ಒಟ್ಟಿಗೆ ಬರುತ್ತವೆ, ಉಚ್ಚರಿಸಲು ಕಷ್ಟ. ಹಾಗಾಗಿ ಉಕಾರ ಉಳಿದುಕೊಳ್ಳುತ್ತದೆ. ಎರಡನೇ ಸಿಲಬಲ್ ಆದ ಚು ಇರುವುದೇ ಈ ಉಕಾರದ ಬಲದಿಂದ.

ಹಾಗಾದರೆ ಇಲ್ಲಿ ಸಂಧಿ ಆಗಿಲ್ಲವಾ?

ಆಗಿಲ್ಲ. ಎರಡು ಪದಗಳೂ ಅಕ್ಷರ ಬದಲಾಗದೆ ಪಕ್ಕಪಕ್ಕ ನಿಂತಿವೆ. ಅದೇ ಮನೆತನದ ಬೇರೆ ಪದಗಳನ್ನು ಜೊತೆಗಿಟ್ಟು ನೋಡಿದರೆ ಇದು ಎಷ್ಟು ಅನುಕೂಲದ ಸಂಗತಿ ಎಂದು ತಿಳಿಯುತ್ತದೆ.

ಕಲ್ಲಚ್ಚು ನೋಡಿ. ಕಲ್ಲು + ಅಚ್ಚು, ಲೋಪಸಂಧಿ. ನಯವಾದ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ವಿಧಾನ ಇದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಿಂದ ಹೊರಡಿಸಿದ ಮಂಗಳೂರು ಸಮಾಚಾರ, ಅಂದರೆ ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲೇ ಅಚ್ಚಾಗಿತ್ತು. ಈ ಪದದ ಸಿಲಬಲ್‌ಗಳು ಕಲ್ – ಲಚ್ – ಚು. ಕಲ್ಲು ಎಲ್ಲಿ ಮುಗಿಯಿತು, ಅಚ್ಚು ಎಲ್ಲಿ ಶುರುವಾಯಿತು? ಲಚ್ ಎಂಬ ಸಿಲಬಲ್‌ನ ಒಳಗೆ, ಲಕಾರಕ್ಕೂ ಅಕಾರಕ್ಕೂ ನಡುವೆ. ಬರೆದ ಅಕ್ಷರಗಳಲ್ಲಂತೂ ಆ ಬೆಸುಗೆ ಕಣ್ಣಿಗೆ ಕಾಣುವುದೇ ಇಲ್ಲ.

ಬೆರಳಚ್ಚು ಕೂಡ ಹೀಗೇ: ಬೆರಳು + ಅಚ್ಚು. ಅಚ್ಚೊತ್ತು ಎಂಬಲ್ಲಿ ಅಚ್ಚು ಮೊದಲು ಬಂದಿದೆ, ಒತ್ತು ಆಮೇಲೆ. ಅಲ್ಲೂ ಉಕಾರ ಬಿದ್ದಿದೆ. ಮುದ್ರಣಾಲಯದಲ್ಲಿ ಸವರ್ಣದೀರ್ಘ ಸಂಧಿ: ಮುದ್ರಣದ ಕೊನೆಯ ಅಕಾರ ಮತ್ತು ಆಲಯದ ಮೊದಲ ಆಕಾರ ಎರಡೂ ಸೇರಿ ಣಾ ಎಂಬ ಒಂದೇ ಅಕ್ಷರದಲ್ಲಿ ಕರಗಿವೆ. ಅದನ್ನು ಕತ್ತರಿಸಿ ಎರಡು ಪದಕ್ಕೂ ಹಂಚಲು ಸಾಧ್ಯವೇ ಇಲ್ಲ.

ಅಚ್ಚುಮೊಳೆಯಲ್ಲಿ ಈ ತೊಡಕಿಲ್ಲ. ಅಕ್ಷರದ ಗಡಿ, ಸಿಲಬಲ್‌ನ ಗಡಿ, ಪದದ ಗಡಿ ಮೂರೂ ಒಂದೇ ಜಾಗದಲ್ಲಿ ಬಂದು ಸೇರುತ್ತವೆ, ಚ್ಚು ಆದ ಮೇಲೆ. ಪದದೊಳಗೆ ಮೂರೂ ಕೂಡುವ ಜಾಗ ಅದೊಂದೇ. ಅ ಆದ ಮೇಲೆ ಅಕ್ಷರದ ಗಡಿ ಇದೆ, ಸಿಲಬಲ್‌ನದಿಲ್ಲ. ಮೊ ಆದ ಮೇಲೆ ಅಕ್ಷರ, ಸಿಲಬಲ್ ಎರಡರ ಗಡಿಯೂ ಇದೆ, ಪದದ್ದಿಲ್ಲ. ಸಿಲಬಲ್ ಪಾಠ ಹೇಳುವವರು ಮೊದಲ ಉದಾಹರಣೆಯಾಗಿ ಈ ಪದವನ್ನು ತೆಗೆದುಕೊಂಡರೆ ಒಳ್ಳೆಯದು ಎಂದು ನನಗೆ ಅನ್ನಿಸುವುದು ಇದಕ್ಕೇ.

ಮಕಾರಕ್ಕೆ ವಕಾರ ಬರಬೇಕಿತ್ತಲ್ಲವಾ? ಮೆಲ್ + ಮಾತು = ಮೆಲ್ವಾತು ಆದ ಹಾಗೆ?

ಹಳಗನ್ನಡದ ಸಮಾಸಗಳಲ್ಲಿ ಪ, ಬ, ಮ ಗಳಿಗೆ ವಕಾರ ಆದೇಶವಾಗಿ, ಅಂದರೆ ಅವುಗಳ ಜಾಗಕ್ಕೆ, ಬರುವುದುಂಟು. ಎಲ್ಲ ಕಡೆಯೂ ಬರುವುದಿಲ್ಲ. ಅರಮನೆ ಅರವನೆ ಆಗಿಲ್ಲ ನೋಡಿ. ಹೊಸದಾಗಿ ಕಟ್ಟಿದ ಸಮಾಸಗಳಲ್ಲಂತೂ ಆದೇಶ ಇನ್ನೂ ಅಪರೂಪ. ಮಳೆ + ಕಾಲ ಮಳೆಗಾಲ ಆಯಿತು, ಆದರೆ ಅಡುಗೆ + ಕೋಣೆ ಅಡುಗೆಕೋಣೆಯಾಗಿಯೇ ಉಳಿಯಿತು. ಮುದ್ರಣಾಲಯ ಎಂಬ ಅರ್ಥದ ಅಚ್ಚುಕೂಟವೂ ಹಾಗೇ, ಅಚ್ಚುಗೂಟ ಎಂದು ಯಾರೂ ಅನ್ನುವುದಿಲ್ಲ. ಅಚ್ಚುವೊಳೆ ಎಂದು ಬರೆದರೆ ಓದುವವರಿಗೆ ಅರ್ಥವೇ ಆಗದು.

ಇನ್ನೊಂದು ಮಾತು. ಅಚ್ಚಗನ್ನಡದಲ್ಲಿ ಇರುವುದು ಅಚ್ಚ, ಅಚ್ಚು ಅಲ್ಲ. ಅದು ಶುದ್ಧ ಎಂಬ ಅರ್ಥದ ಬೇರೆ ಪದ. ಗಾಡಿಯ ಚಕ್ರದ ಅಚ್ಚಿಗೂ ನಮ್ಮ ಅಚ್ಚಿಗೂ ರೂಪ ಒಂದೇ, ಅರ್ಥ ಬೇರೆ.

ಮಾತ್ರೆ ಲೆಕ್ಕ ಹೇಗೆ?

ಗುರು, ಲಘು, ಲಘು, ಲಘು. ಗುರುವಿಗೆ ಎರಡು, ಲಘುವಿಗೆ ಒಂದು, ಒಟ್ಟು ಐದು ಮಾತ್ರೆ.

ಅಕಾರ ಹ್ರಸ್ವವಾದರೂ ಅದರ ಮುಂದೆ ಒತ್ತಕ್ಷರ ಇರುವುದರಿಂದ ಗುರುವಾಗುತ್ತದೆ. ನಿಯಮವನ್ನು ಬಾಯಿಪಾಠ ಮಾಡಿದವರು ಎಷ್ಟೋ ಜನ, ಅದರ ಕಾರಣ ಕೇಳಿದವರು ಕಡಿಮೆ. ಮೇಲೆ ಹೇಳಿದ ಸಿಲಬಲ್ ವಿಂಗಡಣೆಯೇ ಕಾರಣ. ಮೊದಲ ಸಿಲಬಲ್ ಬರೀ ಅ ಅಲ್ಲ, ಅಚ್. ವ್ಯಂಜನದಿಂದ ಮುಚ್ಚಿಕೊಂಡ ಸಿಲಬಲ್ ಹೇಳಲು ಹೆಚ್ಚು ಹೊತ್ತು ಹಿಡಿಯುತ್ತದೆ, ಹಾಗಾಗಿ ಎರಡು ಮಾತ್ರೆ. ಕತೆ ಮತ್ತು ಕತ್ತೆ ಎರಡನ್ನೂ ಹೇಳಿ ನೋಡಿದರೆ ವ್ಯತ್ಯಾಸ ತಾನಾಗಿಯೇ ಕೇಳಿಸುತ್ತದೆ. ಛಂದಸ್ಸು ಅಕ್ಷರಕ್ಕೆ ಗುರುತು ಹಾಕುತ್ತದೆ, ಆದರೆ ಅಳೆಯುವುದು ಕಿವಿಗೆ ಕೇಳಿದ್ದನ್ನು.

ಐದು ಮಾತ್ರೆ ಇರುವುದರಿಂದ ಇದು ಕುಸುಮ ಷಟ್ಪದಿಯಲ್ಲೋ ವಾರ್ಧಕ ಷಟ್ಪದಿಯಲ್ಲೋ ಒಂದು ಗಣಕ್ಕೆ ಸರಿಯಾಗಿ ಕೂರುತ್ತದೆ. ಕಲ್ಲಚ್ಚು, ಬೆರಳಚ್ಚು, ಅಚ್ಚೊತ್ತು ಇವುಗಳಿಗೂ ಐದೇ ಮಾತ್ರೆ. ಅಚ್ಚುಕೂಟಕ್ಕೆ ಆರು, ಮುದ್ರಣಾಲಯಕ್ಕೆ ಏಳು.

ಪ್ರತ್ಯಯ ಸೇರಿದಾಗ ಏನಾಗುತ್ತದೆ?

ಬದಲಾವಣೆ ಎಲ್ಲವೂ ಕೊನೆಯಲ್ಲೇ ಆಗುತ್ತದೆ. ಅಚ್ಚುಮೊಳೆಗಳು ಎಂದಾಗ ಆರು ಸಿಲಬಲ್: ಅಚ್ – ಚು – ಮೊ – ಳೆ – ಗ – ಳು. ಅಚ್ಚುಮೊಳೆಯಲ್ಲಿ ಎಂದಾಗಲೂ ಆರು: ಅಚ್ – ಚು – ಮೊ – ಳೆ – ಯಲ್ – ಲಿ. ಇಲ್ಲಿ ಮೊಳೆಯ ಎಕಾರಕ್ಕೂ ಅಲ್ಲಿ ಎಂಬುದರ ಅಕಾರಕ್ಕೂ ನಡುವೆ ಯಕಾರ ಬಂದಿದೆ, ಆಗಮಸಂಧಿ.

ಅಚ್ಚುಗಳಮೊಳೆ, ಅಚ್ಚಿನಲ್ಲಿಮೊಳೆ ಎಂದೆಲ್ಲ ನಡುವೆ ಪ್ರತ್ಯಯ ತುರುಕಲು ಬರುವುದಿಲ್ಲ. ಎರಡು ಪದ ಸೇರಿ ನಿಜಕ್ಕೂ ಒಂದಾಗಿವೆಯಾ ಎಂದು ಪರೀಕ್ಷಿಸಲು ಇದು ಒಳ್ಳೆಯ ದಾರಿ. ಅದೇ ಕಾರಣಕ್ಕೆ ಅಚ್ಚುಮೊಳೆಯನ್ನು ಜಾಗ ಬಿಡದೆ ಕೂಡಿಸಿ ಬರೆಯಬೇಕು. ಅಚ್ಚಿನ ಮೊಳೆ ಎಂದು ಷಷ್ಠಿ ಹಚ್ಚಿದರೆ ಮಾತ್ರ ಬಿಡಿಸಿ ಬರೆಯಿರಿ.

ಮಾತಾಡುವಾಗ ಅಚ್ಮೊಳೆ ಅಂತ ಕೇಳಿಸುತ್ತದೆ. ಆಗ ಸಿಲಬಲ್ ಎಷ್ಟು?

ಮೂರು: ಅಚ್ – ಮೊ – ಳೆ. ಬೇಗ ಮಾತಾಡುವಾಗ ನಡುವಿನ ಉಕಾರ ಜಾರಿಹೋಗುತ್ತದೆ. ಅದು ಹೋದರೆ ಎರಡನೇ ಚಕಾರಕ್ಕೆ ಆಸರೆಯಿಲ್ಲ, ಅದೂ ಹೋಗುತ್ತದೆ. ಆಡುಮಾತಿನಲ್ಲಿ ಇದು ಸಹಜ. ಬರೆಯುವಾಗ ಪೂರ್ತಿ ರೂಪ ಬರೆಯಿರಿ.

ಕಾಗುಣಿತದಲ್ಲಿ ಎಲ್ಲಿ ಜಾಸ್ತಿ ತಪ್ಪಾಗುತ್ತದೆ?

ಕೊನೆಯ ಎರಡು ಅಕ್ಷರಗಳಲ್ಲಿ. ಳಕಾರದ ಬದಲು ಲಕಾರ ಬಿದ್ದರೆ ಮೊಳೆ ಹೋಗಿ ದೇಹದ ಅಂಗವೊಂದರ ಹೆಸರಾಗುತ್ತದೆ, ಕರಡು ತಿದ್ದುವವರು ಇದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮೊ ಬದಲು ಮೂ ಆದರೆ ಮೂಳೆ. ಆಗ ಅರ್ಥವೂ ಕೆಟ್ಟಿತು, ಮಾತ್ರೆಯೂ ಆರಾಯಿತು.

ಸಾಲಿನ ಕೊನೆಯಲ್ಲಿ ಪದ ಹಿಡಿಸದಿದ್ದರೆ ಎಲ್ಲಿ ಮುರಿಯಬೇಕು?

ಅಚ್ಚು- ಎಂದು ಮೇಲಿನ ಸಾಲಿನಲ್ಲಿ, ಮೊಳೆ ಎಂದು ಕೆಳಗಿನ ಸಾಲಿನಲ್ಲಿ. ಬೇರೆ ಜಾಗ ಹುಡುಕಬೇಡಿ.

ಅಚ್-ಚುಮೊಳೆ ಎಂದು ಮುರಿಯುವುದು ಉಚ್ಚಾರಕ್ಕೆ ಸರಿ, ಬರಹಕ್ಕೆ ತಪ್ಪು. ಹಾಗೆ ಮುರಿಯಲು ಒತ್ತನ್ನು ಒಡೆದು ಅರ್ಧ ವ್ಯಂಜನವನ್ನು ಸಾಲಿನ ತುದಿಯಲ್ಲಿ ಬಿಡಬೇಕಾಗುತ್ತದೆ. ಕನ್ನಡದ ಕಣ್ಣಿಗೆ ಅದು ಒಗ್ಗುವುದಿಲ್ಲ. ಅ-ಚ್ಚುಮೊಳೆ ಎಂದರೆ ಅಕ್ಷರ ಒಡೆಯುವುದಿಲ್ಲ ನಿಜ, ಆದರೆ ಒಂಟಿ ಅ ಮೇಲೆ ಉಳಿದು ಓದು ಮುಗ್ಗರಿಸುತ್ತದೆ. ಅಚ್ಚುಮೊ-ಳೆ ಎಂದರೆ ಒಂಟಿ ಳೆ ಕೆಳಗೆ ಬೀಳುತ್ತದೆ. ಕೈಯಲ್ಲಿ ಜೋಡಿಸುವ ಕಾಲದಲ್ಲಿ ಇಂಥ ಕಡೆ ಪದಗಳ ನಡುವಿನ ಜಾಗವನ್ನು ತುಸು ಹಿಗ್ಗಿಸಿ ಅಥವಾ ಕುಗ್ಗಿಸಿ ಸಾಲು ಸರಿಮಾಡುತ್ತಿದ್ದರು. ಇಂದಿನ ಸಾಫ್ಟ್‌ವೇರ್‌ಗಳಲ್ಲಿ ಚ್ಚು ಆದ ಮೇಲೆ ಸಾಫ್ಟ್ ಹೈಫನ್ ಇಟ್ಟರೆ ಸಾಕು. ಅದು ಬೇಕಾದಾಗ ಮಾತ್ರ ಕಾಣಿಸಿಕೊಳ್ಳುತ್ತದೆ.

ಅಚ್ಚುಮೊಳೆ ಎಂಬ ಪದವನ್ನೇ ಅಚ್ಚುಮೊಳೆಗಳಲ್ಲಿ ಜೋಡಿಸಲು ಎಷ್ಟು ಮೊಳೆ ಬೇಕು?

ಅಕ್ಷರ ನಾಲ್ಕಾದರೂ ಮೊಳೆ ನಾಲ್ಕೇ ಇರಬೇಕೆಂದಿಲ್ಲ. ಕೊಂಬು, ಒತ್ತು ಸೇರಿಯೇ ಎರಕವಾದ ಮೊಳೆ ಇದ್ದರೆ ಒಂದು ಅಕ್ಷರಕ್ಕೆ ಒಂದು ಸಾಕು. ಒತ್ತಿಗೆ, ಕೊಂಬಿಗೆ ಬೇರೆ ಬೇರೆ ಮೊಳೆಗಳಿದ್ದರೆ ಚ್ಚು ಒಂದಕ್ಕೇ ಎರಡು ಮೂರು ಬೇಕಾಗುತ್ತದೆ. ಕನ್ನಡದ ಮೊಳೆಯ ಕೇಸುಗಳು, ಅಂದರೆ ಮೊಳೆಗಳನ್ನು ವಿಂಗಡಿಸಿ ಇಡುವ ಖಾನೆಗಳ ಪೆಟ್ಟಿಗೆಗಳು, ಅಷ್ಟು ದೊಡ್ಡದಾಗಿದ್ದದ್ದು ಇದೇ ಕಾರಣಕ್ಕೆ. ಜೋಡಿಸುವವರು ಎಡಗೈಯಲ್ಲಿ ಸ್ಟಿಕ್ ಎಂಬ ಸಣ್ಣ ತಟ್ಟೆ ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆ ಆರಿಸಿ, ಅಕ್ಷರದ ತಲೆ ಕೆಳಗಾಗಿ ಇರುವಂತೆ ಎಡದಿಂದ ಬಲಕ್ಕೆ ಕೂರಿಸುತ್ತಾ ಹೋಗುತ್ತಿದ್ದರು. ಮೊಳೆಯ ಮೈಮೇಲೆ ಒಂದು ಸಣ್ಣ ಗೀರು ಇರುತ್ತದೆ. ಬೆರಳಿಗೆ ಅದು ಸಿಕ್ಕರೆ ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ ಎಂದು ನೋಡದೆಯೇ ತಿಳಿಯುತ್ತಿತ್ತು. ತಲೆಕೆಳಗಾದ, ಕನ್ನಡಿಯ ಅಕ್ಷರಗಳನ್ನು ಸರಾಗವಾಗಿ ಓದುತ್ತಿದ್ದ ಆ ಜನರ ಮೇಲೆ ನನಗೆ ಅಪಾರ ಗೌರವವಿದೆ. 1894ರಲ್ಲಿ ಬಂದ ಕಿಟೆಲ್ ಅವರ ಭಾರಿ ನಿಘಂಟು ಅಚ್ಚಾದದ್ದು ಅಂಥ ಕೈಗಳ ದುಡಿಮೆಯಿಂದಲೇ.

ಮೊಳೆ ಜೋಡಿಸುವವರನ್ನು ಕರೆಯುವ ಕಂಪೋಸಿಟರ್ ಎಂಬ ಪದವನ್ನೂ ಹೀಗೇ ಬಿಡಿಸಬಹುದಾ?

ಸಿಲಬಲ್ ಬಿಡಿಸಬಹುದು: ಕಂ – ಪೋ – ಸಿ – ಟರ್. ನಾಲ್ಕು. ಕೊನೆಯ ರ್ ಸ್ವರವಿಲ್ಲದ ವ್ಯಂಜನ, ಅದನ್ನು ಬೇರೆ ಸಿಲಬಲ್ ಎಂದು ಎಣಿಸಬಾರದು. ಅನುಸ್ವಾರ ಕ ಜೊತೆಗೇ ಹೋಗುತ್ತದೆ. ಪದದ ಭಾಗಗಳನ್ನು ಮಾತ್ರ ಕನ್ನಡದ ವ್ಯಾಕರಣದಿಂದ ಬಿಡಿಸಲು ಹೋಗಬೇಡಿ. ಕನ್ನಡದ ಮಟ್ಟಿಗೆ ಅದು ಇಡಿಯಾಗಿ ಬಂದ ಪದ.

ಕಂಪ್ಯೂಟರ್ ಈ ಪದವನ್ನು ಎಷ್ಟು ಅಕ್ಷರ ಎಂದು ಎಣಿಸುತ್ತದೆ?

ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಒಂಬತ್ತು. ಅ ಒಂದು. ಚ್ಚು ನಾಲ್ಕು: ಚ, ವಿರಾಮ ಚಿಹ್ನೆ (ಚ ಅನ್ನು ಚ್ ಮಾಡುವ ಗುರುತು), ಇನ್ನೊಂದು ಚ, ಉಕಾರದ ಚಿಹ್ನೆ. ಮೊ ಎರಡು, ಳೆ ಎರಡು. ವರ್ಣ ಎಂಟು, ಸಂಕೇತ ಒಂಬತ್ತು ಆದದ್ದು ಹೇಗೆ? ಮೊದಲ ಚಕಾರದ ಒಳಗಿನ ಅಕಾರವನ್ನು ತೆಗೆಯಲು ವಿರಾಮ ಚಿಹ್ನೆ ಎಂಬ ಒಂದು ಸಂಕೇತ ಹೆಚ್ಚಿಗೆ ಬೇಕು.

ಹಾಗಾಗಿ ಅರ್ಜಿ ನಮೂನೆಗಳಲ್ಲೋ ಬೇರೆ ಕಡೆಯೋ "ಇಷ್ಟೇ ಅಕ್ಷರ" ಎಂಬ ಮಿತಿ ಇದ್ದರೆ ಅದು ಯಾವ ಲೆಕ್ಕ ಎಂದು ನೋಡಿಕೊಳ್ಳಿ. ಬರೆದದ್ದು ನಾಲ್ಕೇ ಅಕ್ಷರ, ತುಂಬಿದ್ದು ಒಂಬತ್ತು ಮನೆ ಆಗಿರಬಹುದು. ಪಠ್ಯವನ್ನು ಹಿಂದಿನಿಂದ ಅಳಿಸುವಾಗ ಳೆ ಒಮ್ಮೆಗೇ ಹೋಗದೆ ಮೊದಲು ಎಕಾರ ಹೋಗಿ ಳ ಉಳಿಯುವುದೂ ಇದೇ ಕಾರಣಕ್ಕೆ.